ನಾಲ್ಕನೇ ಜ್ವರದಲ್ಲಿ ಒಂದು ದ್ವೀಪ

ಹಳೆಯ ಅಟ್ಲಾಸಿನ ದೂಳು ಕೊಡವುತ್ತಿದ್ದಾಗ ಮಡಿಸಿದ ಹಾಳೆಯೊಂದು ಉದುರಿತು. ನನ್ನದೇ ಅಕ್ಷರ. ಮೇಲೆ ‘ದ್ವೀಪಕ್ಕೆ’ ಎಂದು ಬರೆದು ಗೆರೆ ಎಳೆದಿದ್ದೆ. ಕೆಳಗೆ ಎರಡು ಟವೆಲ್, ಕೋಡುಬಳೆ, ವಾಂತಿಗೆ ನಿಂಬೆಹಣ್ಣು, ಅತ್ತೆಯ ಹವಾಯಿ ಚಪ್ಪಲಿ. ಓದಿದ ಕೂಡಲೇ ಪಾದಗಳು ತಣ್ಣಗಾದವು. ಮಲ್ಪೆಯ ಎದುರಿನ ಆ ಪುಟ್ಟ ದ್ವೀಪದಲ್ಲಿ ದೋಣಿಯಿಂದ ಇಳಿಯುವಾಗ ನಮ್ಮತ್ತೆ ನೆರಿಗೆ ಎತ್ತಿ ನೀರಿಗೆ ಕಾಲಿಟ್ಟದ್ದು, ಬೆರಳು ಅದ್ದಿ ನಾಲಿಗೆಗಿಟ್ಟು “ದಿಟ ಕಣ್ಲಾ, ಉಪ್ಪೇ!” ಎಂದದ್ದು, ಇವೆಲ್ಲ ನಾನು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಕಥೆ. ನೀವು ನಮ್ಮ ಮನೆಗೆ ಬಂದಿದ್ದರೆ ನಿಮಗೂ ಹೇಳಿರುತ್ತಿದ್ದೆ.

ಆದರೆ ಪಟ್ಟಿಯಲ್ಲಿ ಒಂದಕ್ಕೂ ಸರಿಗುರುತು ಇರಲಿಲ್ಲ. ಗುರುತು ಹಾಕದೆ ನಾನು ಸಂತೆಗೂ ಹೋದವನಲ್ಲ.

ಆಗ ನಾನು ಎಂ.ಎ. ಮುಗಿಸಿ ಕೂಟಗಲ್ ಕಡೆಯ ಈ ಸೋದರತ್ತೆಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ದೇವರು, ಜಾತಕ, ಮಾವನ ಮಾತು ಎಲ್ಲವನ್ನೂ ಅನುಮಾನಿಸುವುದನ್ನು ಯೂನಿವರ್ಸಿಟಿಯಲ್ಲಿ ಕಲಿತು, ಬಸ್ಸಿನ ವೇಳಾಪಟ್ಟಿಯೊಂದನ್ನು ಮಾತ್ರ ನಂಬುತ್ತಿದ್ದೆ. ಅತ್ತೆ ರೇಷ್ಮೆಹುಳು ಸಾಕುತ್ತಿದ್ದರು. ಹುಳುಮನೆಯ ಗೋಡೆಯಲ್ಲಿ ಕಲ್ಲುಕಂಬಗಳ ಆ ದ್ವೀಪದ ಚಿತ್ರವಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ಸೊಪ್ಪು ಹಾಕುವಾಗಲೆಲ್ಲ ಅದನ್ನೇ ನೋಡುತ್ತಿದ್ದರು.

“ಒಂದೇ ಸುತ್ತಿಗೆ ಮುಗ್ದೋಗೋ ನೆಲ! ಅದ್ರ ಸುತ್ತ ಒಂದ್ಸಲ ನಡೀಬೇಕು ಕಣಪ್ಪ.”

“ಕಲ್ ನೋಡಕ್ಕೆ ಸಮುದ್ರ ದಾಟ್ಬೇಕೇನೆ?” ಎಂದು ಮಾವ ಜಗಲಿಯಿಂದಲೇ ಕೂಗುತ್ತಿದ್ದರು. “ಹಿತ್ಲಿಗೋಗಿ ತಲೆ ಎತ್ತು, ಬೆಟ್ಟಬೆಟ್ಟನೇ ಕಲ್ಲೈತೆ.”

ಜಗಲಿಯಿಂದ ಕೂಗಲು ಕಾರಣವಿತ್ತು. ಬೀಡಿಯ ವಾಸನೆ ಹುಳುವಿಗೆ ಆಗದೆಂದು ಮಾವನಿಗೆ ಹುಳುಮನೆಯೊಳಗೆ ಪ್ರವೇಶವಿರಲಿಲ್ಲ. ಹಾಗಾಗಿ ಅತ್ತೆ ಮನೆ ಬಿಡುವಂತಿರಲಿಲ್ಲ. ಒಂದು ಬೆಳೆಯ ಹುಳು ಗೂಡಾಗಿ ಹೋದ ಬೆನ್ನಿಗೇ ಮನೆ ತೊಳೆದು ಇನ್ನೊಂದು ಬೆಳೆ ಇಳಿಸುತ್ತಿದ್ದರು. ಬಿಡುವೆಂದರೆ ಜ್ವರ ಮಾತ್ರ. ಹುಳು ಪೊರೆ ಬಿಡುವ ಮುನ್ನ ತಲೆ ಎತ್ತಿ, ಏನೂ ತಿನ್ನದೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ದೀರ್ಘ, ಒಂದು ದಿನದ ಮೇಲೆ ಸ್ವಲ್ಪ. ಅಷ್ಟರೊಳಗೆ ಸಮುದ್ರಕ್ಕೆ ಹೋಗಿ ಬರುವಂತೆ ನಾನು ಬಸ್ಸು, ದೋಣಿಗಳನ್ನೆಲ್ಲ ಜೋಡಿಸಿದೆ. ಹುಳು ಬೇಗ ಎದ್ದರೆ ಸೊಪ್ಪು ಹಾಕಲು ಪಕ್ಕದ ಮನೆಯ ಜಯಮ್ಮ ಒಪ್ಪಿದ್ದಳು.

ಅಷ್ಟು ಚೆನ್ನಾಗಿ ನೆನಪಿದೆ. ಮುಂದಿನದು? ಅತ್ತೆಗೆ ಫೋನ್ ಮಾಡಿದೆ.

“ನಾವೆಲ್ಲೋಗಿದ್ವಪ್ಪಾ?” ಅತ್ತೆ ನಕ್ಕರು. “ದೋಣಿ ಇಳಿಯೋದು ಕಲಿಸ್ತೀನಿ ಅಂತ ನೀನೇ ಅಂಗ್ಳದಲ್ಲಿ ಬೆಂಚಾಕಿ, ಬಾಂಡ್ಲೀಲಿ ನೀರು ಮಡಗಿ, ಇಳಿ ಇಳಿ ಅಂತ ಪ್ರಾಣ ತಿಂದಿದ್ದೆ. ‘ತಕೋ ಅಕ್ಕ, ಸಮುದ್ರ’ ಅಂತ ಜಯ ಒಂದಿಡಿ ಉಪ್ಪಾಕಿದ್ಲು.”

ಹಾಗಾದರೆ ಆ ನೆರಿಗೆ, ಆ ಬೆರಳು, ಆ ಉಪ್ಪು ಎಲ್ಲವೂ ನಿಜ. ಸಮುದ್ರವೊಂದೇ ಸುಳ್ಳು.

ಹೊರಡುವ ಹಿಂದಿನ ದಿನ ಜಯಮ್ಮ ಬಂದು ಬಾಗಿಲಲ್ಲೇ ನಿಂತಿದ್ದಳಂತೆ. ಅತ್ತೆ ಹೇಳುತ್ತಿದ್ದಂತೆ ನನಗೂ ಅವಳ ಮುಖ ಕಂಡಿತು. ಹೊಸದಾಗಿ ಶುರುವಾದ ಗಾರ್ಮೆಂಟ್ಸ್‌ನ ವ್ಯಾನು ನಮ್ಮೂರಿಗೂ ಬರತೊಡಗಿದ್ದ ಕಾಲ ಅದು. “ನಾಳೆಯಿಂದ್ಲೇ ಬಾ ಅಂದ್ಬುಟ್ರು ಕಣಕ್ಕ” ಎಂದು ಅವಳು ಸೆರಗು ತಿರುಚುತ್ತಿದ್ದಳು. “ಹೋಗವ್ವ, ದ್ವೀಪ ಎಲ್ಗೋಯ್ತದೆ?” ಎಂದು ಅತ್ತೆಯೇ ಅವಳಿಗೆ ಕುಂಕುಮ ಇಟ್ಟು ಕಳಿಸಿದ್ದರು. ಬೆಳಗ್ಗೆ ವ್ಯಾನು ಹೋದ ಮೇಲೆ ಕೋಡುಬಳೆ ಡಬ್ಬಿ ಬಿಚ್ಚಿ ನನಗೂ ಮಾವನಿಗೂ ಹಂಚಿದರು. ಆ ಕೋಡುಬಳೆಯ ರುಚಿ ನನಗೆ ಚೂರೂ ನೆನಪಿಲ್ಲ.

“ಈ ಸಲ ದಿಟವಾಗ್ಲೂ ಹೋಗನ ಅತ್ತೆ” ಎಂದೆ. “ಜಯಕ್ಕ ಈಗ ಫ್ಯಾಕ್ಟ್ರಿ ಬಿಟ್ಟವ್ರಲ್ಲ, ಹುಳ ನೋಡ್ಕೊಳ್ಲಿ.”

“ಅವ್ಳ್ಯಾಕೆ ನೋಡ್ಕೋತಾಳೆ? ಉಪ್ಪಾಕಿದೋಳು ಅವ್ಳು. ಅವ್ಳೂ ಬತ್ತಾಳೆ.”

“ಮತ್ತೆ ಹುಳಕ್ಕೆ ಯಾರು? ಮಾವ ಬೀಡಿ ಬಿಟ್ರಾ?”

“ಅವ್ರೆಲ್ಲಿ ಬುಟ್ಟಾರು!” ಎಂದರು ಅತ್ತೆ. “ನೀನೆಂಗೂ ಒಂದ್ಸಲ ಹೋಗ್ಬಂದವ್ನಲ್ವಾ ಮಗ? ನೀನ್ ನೋಡ್ಕೋ. ನಾನೂ ಜಯಾನೂ ಹೋಗ್ಬತ್ತೀವಿ.”

ಅದೇ ಹಾಳೆಯ ಹಿಂಬದಿಗೆ ‘ಹುಳುವಿಗೆ’ ಎಂದು ಬರೆದು ಗೆರೆ ಎಳೆದೆ. ಯಾವ ಹೊತ್ತಿಗೆ ಎಷ್ಟು ಸೊಪ್ಪು ಎಂದು ಒಂದೊಂದನ್ನೂ ಎರಡೆರಡು ಸಲ ಕೇಳಿ ಬರೆದುಕೊಂಡೆ. ಹುಳುವಿನ ವಿಷಯದಲ್ಲಿ ನನ್ನ ನೆನಪನ್ನು ನಂಬುವ ಹಾಗಿಲ್ಲ.