ಐದನೆಯ ಅರಿವೆ ತುಂಡು

ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಅಮರೇಶಪ್ಪನಷ್ಟು ಅಂಜುಬುರುಕ ಇನ್ನೊಬ್ಬ ಇರಲಿಕ್ಕಿಲ್ಲ. ಬೀಗ ಹಾಕಿ ಮನೆಗೆ ಹೋದವನು ಅದನ್ನು ಜಗ್ಗಿ ನೋಡಲು ಮತ್ತೆ ಬರುತ್ತಿದ್ದ. ಯಾದಗಿರಿಯಿಂದ ಬಂದು ಇಪ್ಪತ್ತು ವರ್ಷವಾದರೂ ರಸ್ತೆ ದಾಟುವಾಗ ಹೆಂಡತಿ ಶಿವದೇವಿಯ ಸೆರಗು ಹಿಡಿದುಕೊಳ್ಳುವುದೊಂದು ಬಾಕಿ ಇತ್ತು. ಆದರೂ ಗಚ್ಚಿಬೌಲಿಯ ಸಾಫ್ಟ್‌ವೇರ್ ಮಂದಿ ಊರು ದಾಟಿ ಅವನ ಹತ್ತಿರವೇ ಬರುತ್ತಿದ್ದರು. ಇಷ್ಟು ಹೆದರುವವನು ಕೆಲಸ ಕೆಡಿಸಲಾರ ಎಂಬುದು ಅವರ ಲೆಕ್ಕಾಚಾರ.

ಆ ವರ್ಷಗಳಲ್ಲಿ ಅವರು ಕೊಳ್ಳುತ್ತಿದ್ದ ಹೊಸ ಪೆಟ್ರೋಲ್ ಕಾರುಗಳಿಗೆ ಹೊಸ ಕಾಯಿಲೆಯೊಂದು ಶುರುವಾಗಿತ್ತು. ಹಳೆಯ ಇಂಜಿನ್ನಿನಲ್ಲಿ ಪೆಟ್ರೋಲು ವಾಲ್ವಿನ ಮೇಲೆ ಬಿದ್ದು ಅದನ್ನು ತೊಳೆದೇ ಒಳಗೆ ಹೋಗುತ್ತಿತ್ತು. ಇವುಗಳಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಹೋಗುತ್ತದೆ. ವಾಲ್ವಿನ ಬೆನ್ನಿಗೆ ಎಣ್ಣೆಯ ಹೊಗೆ ಕೂತು, ಕಾದು, ತಿಂಗಳುಗಟ್ಟಲೆ ತಿಕ್ಕದ ಹಂಚಿನ ಹಾಗೆ ಕರಿ ಕಟ್ಟುತ್ತದೆ. ಆಮೇಲೆ ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗ ಗಡಗಡ ನಡುಗುತ್ತದೆ. ಅಮರೇಶಪ್ಪ ಮೇಲಿನ ಭಾಗ ಬಿಚ್ಚಿ, ಆ ಕರಿ ನೆನೆಸಿ, ಕೆರೆದು ತೆಗೆಯುತ್ತಿದ್ದ. ಕೆರೆದ ಚೂರು ಸಿಲಿಂಡರಿಗೆ ಹೋಗುವ ಅಕ್ಕಪಕ್ಕದ ತೂತಿಗೆ ಬೀಳದಂತೆ ಶಿವದೇವಿಯ ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ತುರುಕುತ್ತಿದ್ದ. ಅದಕ್ಕೆ ಕೆಂಪು ಸೆರಗೇ ಬೇಕು, ಮಸಿಯಲ್ಲಿ ಎದ್ದು ಕಾಣುತ್ತದೆ. ನಾಲ್ಕು ತೂತಿಗೆ ನಾಲ್ಕು, ಗಾಳಿಯ ಕೊಳವೆಗೆ ಒಂದು. ಗಾಡಿ ಚಾಲೂ ಮಾಡುವ ಮೊದಲು ಐದನ್ನೂ ನೆಲದ ಮೇಲೆ ಹರವಿ ನೋಡುವುದು ಅವನ ಪದ್ಧತಿ.

ಆ ಶನಿವಾರ ಹರವಲಿಲ್ಲ. ಗಾಡಿಯ ಒಡತಿ ಚಿನ್ಮಯಿ ಕೀಲಿಗೆ ಕೈ ಚಾಚಿಕೊಂಡೇ ನಿಂತಿದ್ದಳು. ಗಚ್ಚಿಬೌಲಿಯ ಮನೆಗೆ ಹೋಗಿ, ಮಗಳು ನಿರೀಕ್ಷಾಳನ್ನು ಕೂರಿಸಿಕೊಂಡು ಬೀದರಿನ ತವರಿಗೆ ಹೊರಡುವ ಅವಸರ ಅವಳದು. ಅದೇ ಗಡಿಬಿಡಿಯಲ್ಲಿ ಶಿವದೇವಿ ಬಂದು, ಊಟದ ಚೀಲವನ್ನು ಅವನ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ ಹೋದಳು. ಗಾಡಿ ನಡುಗದೆ ಚಾಲೂ ಆಯಿತು, ಚಿನ್ಮಯಿ ಹೊರಟಳು.

ಆಮೇಲೆ ಅರಿವೆ ಒಗೆಯಲು ಕೂತರೆ ಬುಟ್ಟಿಯಲ್ಲಿ ಮಸಿಯಾದ ತುಂಡು ನಾಲ್ಕೇ ಇದ್ದವು. ಹರಿದದ್ದು ಐದು. ಬೆಂಚು, ಸ್ಪ್ಯಾನರು ಇಡುವ ಪಾನಾ ಪೆಟ್ಟಿಗೆ, ಜೇಬು, ಎಲ್ಲ ಜಾಲಾಡಿದ. ಗಾಳಿಯ ಕೊಳವೆಗೆ ತುರುಕಿದ್ದೆನೋ ಇಲ್ಲವೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಊರೊಳಗೆ ನಿಧಾನ ಹೋಗುವಾಗ ಬಟ್ಟೆ ಅಲ್ಲೇ ಅಂಟಿಕೊಂಡು ಕೂತಿರಬಹುದು. ಬೀದರಿನ ದಾರಿಗೆಂದು ರಿಂಗ್ ರೋಡ್ ಹತ್ತಿ ಜೋರಾಗಿ ತುಳಿದರೆ ಗಾಳಿ ಅದನ್ನು ಎಳೆದೊಯ್ದು ಇಂಜಿನ್ನಿನ ಉಸಿರು ಕಟ್ಟಿಸುತ್ತದೆ. ಹಿಂದೆ ಲಾರಿ, ಪಕ್ಕದಲ್ಲಿ ಲಾರಿ, ನಡುವೆ ಸತ್ತು ನಿಂತ ಗಾಡಿ, ಅದರೊಳಗೆ ತಾಯಿ, ಮಗಳು. ಫೋನ್ ಮಾಡಿದ. ಗಾಡಿ ಓಡಿಸುವಾಗ ಫೋನ್ ಮುಟ್ಟುವವಳಲ್ಲ ಚಿನ್ಮಯಿ. ಅದು ಬಡಿದುಕೊಂಡು ಸುಮ್ಮನಾಯಿತು.

ರಿಂಗ್ ರೋಡಿಗೆ ಬೈಕು ಬಿಡುವುದಿಲ್ಲ. ಅವಳು ಹತ್ತಿದಳೆಂದರೆ ಮುಗಿಯಿತು. ಪಾನಾ ಪೆಟ್ಟಿಗೆ ಕಟ್ಟಿಕೊಂಡು ಬೈಕು ಒದ್ದ. ಸಿಕಂದರಾಬಾದಿನಲ್ಲಿ ಬಸ್ಸೊಂದು ಮೊಣಕಾಲು ಸವರಿಕೊಂಡು ಹೋಯಿತು. ಆದರೂ ನಿಲ್ಲಿಸಲಿಲ್ಲ.

ಗಚ್ಚಿಬೌಲಿಯಲ್ಲಿ ಅವಳ ಅಪಾರ್ಟ್‌ಮೆಂಟಿನ ಎದುರು, ರಸ್ತೆಯ ಈಚೆ ಬೈಕು ನಿಲ್ಲಿಸುವಷ್ಟರಲ್ಲಿ ಗೇಟು ತೆರೆದು ಅದೇ ಗಾಡಿ ಹೊರಗೆ ಬರುತ್ತಿತ್ತು. ಅಮರೇಶಪ್ಪ ಓಡಿಹೋಗಿ ಎರಡೂ ಕೈ ಅಗಲಿಸಿ ಅದರ ಮುಂದೆ ನಿಂತ. ಬ್ರೇಕು ಕಿರುಚಿತು. ಬಂಪರ್ ಅವನ ಮೊಣಕಾಲಿಗೆ ತಗುಲಿಯೇ ನಿಂತಿತು.

"ಕಾಕಾ, ತಲಿ ಕೆಟ್ಟೈತೇನ್ರಿ?" ಚಿನ್ಮಯಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. "ಸತ್ತ ಹೋಗಿರ್ತಿದ್ರಿ ಈಗ."

"ಬಂದ್ ಮಾಡು ಯವ್ವಾ. ಮೊದ್ಲ ಇಂಜಿನ್ ಬಂದ್ ಮಾಡು. ಒಳಗ ಅರಿವಿ ಬಿಟ್ಟೀನಿ ಅನಸ್ತೈತಿ."

"ಅನಸ್ತೈತೋ, ಬಿಟ್ಟೀರೋ?"

"ಗೊತ್ತಿಲ್ರಿ. ಭಾಳ ಅಂಜಿಕಿ ಆಗಾಕತ್ತೈತಿ, ಅಷ್ಟ."

ಗಾಡಿ ಪಕ್ಕಕ್ಕೆ ತಳ್ಳಿ ಗಾಳಿಯ ಕೊಳವೆ ಬಿಚ್ಚಿದ. ಖಾಲಿ. ಬೇರೆಯವನಾಗಿದ್ದರೆ ನಿಟ್ಟುಸಿರು ಬಿಡುತ್ತಿದ್ದ, ಇವನ ಅಂಜಿಕೆ ಇನ್ನಷ್ಟು ಹೆಚ್ಚಿತು. ಇಲ್ಲಿಲ್ಲವೆಂದರೆ ಇನ್ನೂ ಒಳಗೆ ಹೋಗಿದೆ.

"ಎಲ್ಲಾ ಬಿಚ್ಚಬೇಕ್ರಿ. ಸಂಜಿ ಆಗ್ತೈತಿ," ಎಂದ ತಲೆ ತಗ್ಗಿಸಿ.

ಚಿನ್ಮಯಿ ಹಿಂದಿನ ಸೀಟಿನಲ್ಲಿ ಬಿಸ್ಕೀಟು ತಿನ್ನುತ್ತಿದ್ದ ಮಗಳನ್ನು ನೋಡಿದಳು. ಆಮೇಲೆ ಬೀದರಿಗೆ ಫೋನ್ ಹಚ್ಚಿದಳು. "ಅವ್ವಾ, ನಾಳಿ ಬರ್ತೀವಿ."

ಸಂಜೆಯಾಯಿತು. ನಾಲ್ಕೂ ತೂತಿನಲ್ಲಿ ಏನೂ ಇರಲಿಲ್ಲ. ಎಲ್ಲ ಮತ್ತೆ ಜೋಡಿಸಿ, ಚಾಲೂ ಮಾಡಿ ತೋರಿಸಿ, ಮುಖ ಎಲ್ಲಿಡಬೇಕೋ ತಿಳಿಯದೆ ಬೈಕಿನ ಹತ್ತಿರ ಹೋಗಿ ಊಟದ ಚೀಲ ಬಿಚ್ಚಿದ. ಜೋಳದ ರೊಟ್ಟಿಗಳು ಕೆಂಪು ಸೆರಗಿನ ತುಂಡಿನಲ್ಲಿ ಅಚ್ಚುಕಟ್ಟಾಗಿ ಸುತ್ತಿಕೊಂಡಿದ್ದವು.

ಹೆಂಡತಿಗೆ ಫೋನ್ ಮಾಡಿದ. "ಬಿಸಿ ರೊಟ್ಟಿ ಬೆವರ್ತಾವಂತ, ಬೆಂಚಿನ ಮ್ಯಾಲೆ ಚೊಕ್ಕ ಅರಿವಿ ಇತ್ತು, ಅದ್ರಾಗ ಸುತ್ತೀನಿ," ಎಂದಳು ಶಿವದೇವಿ. "ಯಾಕ್ರಿ?"

ತುಂಡನ್ನು ಜೇಬಿಗೆ ತುರುಕಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅಮರೇಶಪ್ಪ ರಸ್ತೆ ದಾಟಿ ಬಂದು, ರೊಟ್ಟಿಯ ಸಮೇತ ಅದನ್ನು ಚಿನ್ಮಯಿಯ ಮುಂದೆ ಹಿಡಿದ. ಅವಳು ಅದನ್ನು ತುಸು ಹೊತ್ತು ನೋಡಿದಳು. ಕಟ್ಟೆಯ ಮೇಲೆ ಕೂತು, ಒಂದು ರೊಟ್ಟಿ ಮುರಿದು ಮಗಳಿಗಿಷ್ಟು ಕೊಟ್ಟು, ಅವನನ್ನೂ ಪಕ್ಕಕ್ಕೆ ಕರೆದಳು.

ಎರಡು ತುತ್ತು ಇಳಿದ ಮೇಲೆ ಅವನು ಕೇಳಿದ. "ಯವ್ವಾ, ನಾ ಖರೇನ ಗಾಡಿ ಮುಂದ ನಿಂತಿದ್ನೇನು?"

"ನಿಂತಿದ್ರಿ ಕಾಕಾ."

ಅಮರೇಶಪ್ಪನ ಕೈಯಲ್ಲಿದ್ದ ರೊಟ್ಟಿ ನೆಲಕ್ಕೆ ಬಿತ್ತು. ಎದ್ದು ಹೊರಟಾಗ, ರಸ್ತೆಯಾಚೆ ನಿಂತ ಬೈಕಿನ ತನಕ ಚಿನ್ಮಯಿಯೇ ಅವನ ಕೈ ಹಿಡಿದು ದಾಟಿಸಬೇಕಾಯಿತು.