ಕಪಾಟಿನಲ್ಲಿ ಹಿಡಿಸದ ಪಾದಗಳು

ಪಕ್ಕದ ಮನೆಯವರು ಹಳೆಯ ಸಾಗವಾನಿ ಬಾಗಿಲನ್ನು ಕೊಯ್ಯಿಸುತ್ತಿದ್ದರು. ಗರಗಸದ ಪುಡಿಯ ಕಮಟು ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಇಷ್ಟು ವರ್ಷವಾದರೂ ಆ ವಾಸನೆಗೆ ನನ್ನ ಮೈ ಉರಿಯುತ್ತದೆ.

ಐವತ್ತರ ದಶಕದಲ್ಲಿ ನಾನು ಬಾದಾಮಿಯ ಶಾಲೆಯೊಂದರಲ್ಲಿ ಹೊಸದಾಗಿ ಶಿಕ್ಷಕಿಯಾಗಿದ್ದೆ. ಅಲ್ಲಿನ ಚಿತ್ರಕಲೆಯ ಮಾಸ್ತರರು ಮುಂಬಯಿಯಲ್ಲಿ ಕಲಿತು ಬಂದವರು. ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಗುಡೂರಿನ ಕಡೆ ಬಿದ್ದುಹೋದ ಗುಡಿಯೊಂದರಿಂದ ಕಟ್ಟಿಗೆಯ ಹೆಣ್ಣುಮೂರ್ತಿಗಳು ನಮ್ಮಲ್ಲಿಗೆ ಬಂದವು. ಶಾಲೆಯ ಪಕ್ಕದ ಕೋಣೆಯಲ್ಲಿ ಅವನ್ನು ಜನರಿಗೆ ಕಾಣುವಂತೆ ಜೋಡಿಸುವ ಕೆಲಸ ಮಾಸ್ತರರದಾಯಿತು. ಬಾದಾಮಿಯಲ್ಲಿ ಕಲ್ಲಿನ ಮೂರ್ತಿಗಳಿಗೆ ಬರವಿಲ್ಲ. ಕಟ್ಟಿಗೆಯವು, ಅದೂ ಶತಮಾನಗಳ ಮಳೆ, ಗೆದ್ದಲು ತಾಳಿ ಉಳಿದವು... ಯಾರು ಕಂಡಿದ್ದರು?

ಕಂಬದ ನೆತ್ತಿಯಲ್ಲಿ ಮುಂದಕ್ಕೆ ಬಾಗಿ, ಚಾವಣಿಗೆ ಆನಿಕೆಯಾಗಿ ನಿಂತಿದ್ದ ಮೂರ್ತಿಗಳವು. ಮಾಸ್ತರರು ನನ್ನನ್ನು ಕೋಣೆಯ ನಡುವೆ ನಿಲ್ಲಿಸಿ, ಆಳುಗಳಿಂದ ಒಂದನ್ನು ಮೇಲೆತ್ತಿಸಿದರು.

“ಅಕ್ಕೋರ, ಆಕಿ ಕಣ್ಣಾಗ ನೋಡ್ರಿ. ನಿಮ್ಮನ್ನ ನೋಡ್ಲಿಕತ್ತಾಳೋ ಇಲ್ಲೋ?”

ನೋಡುತ್ತಿದ್ದಳು. ಕೆಳಗಿದ್ದಾಗ ನೆಲ ದಿಟ್ಟಿಸುತ್ತಿದ್ದವಳು ಮೇಲಿಂದ ನನ್ನನ್ನೇ ನೋಡಿ ನಕ್ಕಂತಾಯಿತು. ಅವರು ಎತ್ತರದ ಪೀಠಗಳನ್ನು ಮಾಡಿಸಿದರು, ಬಿಸಿಲು ಬೀಳುವ ಕಿಟಕಿ ಮುಚ್ಚಿಸಿದರು. ಮೂರ್ತಿಗಳ ಹಿಂದೆ ಪರದೆಯಾಗಿ ಕಟ್ಟಲೆಂದು ಬಣ್ಣ ಹಾಕದ ಹತ್ತಿ ಬಟ್ಟೆಯನ್ನು ಇಳಕಲ್ಲಿನಲ್ಲಿ ನನ್ನ ಅಪ್ಪನ ಮಗ್ಗದಲ್ಲೇ ನೇಯಿಸಿದರು.

ಶಾಲೆಯ ಅಧ್ಯಕ್ಷರಿಗೆ ಮಾತ್ರ ಗಾಜಿನ ಕಪಾಟುಗಳೇ ಬೇಕಿದ್ದವು. ತಮ್ಮ ಹೆಸರು ದೊಡ್ಡದಾಗಿ ಬರೆಯಿಸಿ, ಬಾಗಲಕೋಟೆಯಿಂದ ತರಿಸಿದರು. ಮೂರ್ತಿಗಳು ಅವುಗಳಲ್ಲಿ ಹಿಡಿಸಲಿಲ್ಲ. ಉದ್ಘಾಟನೆಯ ಹಿಂದಿನ ದಿನ, ಮಾಸ್ತರರು ಊಟಕ್ಕೆ ಹೋಗಿದ್ದಾಗ, ಬಡಿಗನನ್ನು ಕರೆಸಿ ಮೂರ್ತಿಗಳ ಪಾದಗಳನ್ನು ಕೊಯ್ಯಿಸಿಬಿಟ್ಟರು!

ನಾನೂ ಮಾಸ್ತರರೂ ಬಂದಾಗ ನೆಲದ ತುಂಬ ಪುಡಿ. ಹೊರಗೆ ಆಳುಗಳ ಚಹಾದ ಒಲೆಯಲ್ಲಿ ಪಾದಗಳು ಉರಿಯುತ್ತಿದ್ದವು. ಮಾಸ್ತರರು ಬರಿಗೈಯಿಂದ ಒಂದನ್ನು ಎಳೆದು ತೆಗೆದರು. ಕಾಲುಂಗುರವನ್ನೂ ಬಿಡದೆ ಕೆತ್ತಿದ ಪಾದ, ಹಿಮ್ಮಡಿ ಕರಕಲಾಗಿತ್ತು.

“ಕಪಾಟ ಕೊಯ್ಸಬೇಕಿತ್ರಿ. ಆಕಿ ಕಾಲ್ಯಾಕ ಕೊಯ್ಸಿದ್ರಿ?” ಮಾಸ್ತರರು ಬಾಗಿಲಲ್ಲಿ ನಿಂತಿದ್ದ ಅಧ್ಯಕ್ಷರನ್ನು ಕೇಳಿದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

“ಕಟ್ಟಿಗಿ ಗೊಂಬಿಗೆ ಇಷ್ಟ್ಯಾಕ ಹಾರಾಡ್ತೀರಿ ಮಾಸ್ತರ? ನಡಕೋತ ಎಲ್ಲಿಗೆ ಹೋಗೂದೈತಿ ಅವಕ್ಕ?” ಅಧ್ಯಕ್ಷರು ನಕ್ಕರು. ಅವರ ಹಿಂದಿದ್ದವರೂ ನಕ್ಕರು.

ಮರುದಿನ ಅತಿಥಿಗಳು ಬಂದರು. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಮಾಸ್ತರರು ಆ ಪಾದವನ್ನು ಕಪಾಟಿನ ಮುಂದಿನ ಮೇಜಿನ ಮೇಲಿಟ್ಟು ಪಕ್ಕದಲ್ಲೇ ನಿಂತರು. ಇದೇನೆಂದು ಮುಖ್ಯ ಅತಿಥಿ ಕೇಳಿದರು.

“ನಿನ್ನಿ ಕೊಯ್ದದ್ದರಿ, ಈ ಕಪಾಟಿನ ಸಲುವಾಗಿ. ಉಳಿದ ಪಾದ ಒಲಿಯೊಳಗ ಸುಟ್ಟು ಹೋದವು.”

“ಸುಳ್ಳ ಸಾಹೇಬ್ರ, ತಲಿ ಕೆಟ್ಟೈತಿ ಈ ಮನಶ್ಯಾಗ,” ಎಂದರು ಅಧ್ಯಕ್ಷರು.

ನನಗೆ ತಡೆಯಲಾಗಲಿಲ್ಲ. “ಖರೆ ಐತ್ರಿ. ನಾ ಕಣ್ಣಾರೆ ನೋಡೇನಿ.”

ಅತಿಥಿ ಗಡಿಯಾರ ನೋಡಿಕೊಂಡರು. ಫೋಟೋ ತೆಗೆಸಿಕೊಂಡು ಊಟಕ್ಕೆ ಹೋದರು. ಅಷ್ಟೇ... ಅಧ್ಯಕ್ಷರ ಕಡೆಯವರು ಆ ಪಾದವನ್ನೂ ಕಸಿದುಕೊಂಡರು.

ಮಾಸ್ತರರನ್ನು ಕೆಲಸದಿಂದ ತೆಗೆದರು. ನನ್ನದನ್ನು ನಾನೇ ಬಿಟ್ಟು ಇಳಕಲ್ಲಿಗೆ ಬಂದೆ. ಅವರು ಹುನಗುಂದದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದಾರೆಂದು ತಿಳಿದು ಒಮ್ಮೆ ಕಾಣಲು ಹೋದೆ. ಬಲಗೈಯ ಎರಡು ಬೆರಳು ಮಡಚಿದಂತೆಯೇ ಉಳಿದಿದ್ದವು. ಆಮೇಲೆ ಕೆಲವೇ ವರ್ಷಗಳಲ್ಲಿ ತೀರಿಕೊಂಡರಂತೆ.

ಆ ಮೂರ್ತಿಗಳು ಈಗ ದೂರದ ನಗರದ ಸಂಗ್ರಹಾಲಯವೊಂದರಲ್ಲಿವೆ. ಹೋದ ತಿಂಗಳು ಮೊಮ್ಮಗಳ ಜೊತೆ ನೋಡಿ ಬಂದೆ. ಕೆಳಗೊಂದು ಫಲಕ: ‘ಪಾದಗಳು ಕಾಲಾಂತರದಲ್ಲಿ ನಶಿಸಿವೆ.’

“ಸುಳ್ಳು!” ಎಂದು ಕೂಗಿದೆ. ಜನ ತಿರುಗಿ ನೋಡಿದರು. ಮೊಮ್ಮಗಳು ಕೈ ಹಿಡಿದಳು, “ಅಜ್ಜೀ, ಮೆಲ್ಲಗ...”

ಯಾಕೆ ಮೆಲ್ಲಗೆ? ಖರೆ ಹೇಳಿ ಕೆಲಸ ಕಳೆದುಕೊಂಡವರು ಈಗಿಲ್ಲ. ನೋಡಿದವಳು ನಾನೊಬ್ಬಳು ಉಳಿದಿದ್ದೇನೆ. ಕಾವಲುಗಾರನನ್ನು ಕರೆದು, ಎಲ್ಲರಿಗೂ ಕೇಳುವಂತೆ, ಮೊದಲಿನಿಂದ ಹೇಳಿದೆ.