ಇದ್ದೂ ಸಿಗದ ಹೆಸರು

ರಕ್ತನಿಧಿ ಕೇಂದ್ರದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳನ್ನು ಎಲ್ಲರೂ ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಬೀಗ ಹಾಕಿದ ಮೇಲೂ ಮೂರು ಸಲ ಜಗ್ಗಿ ನೋಡುವ ಜಾಯಮಾನ ಅವಳದು. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹತ್ತೊಂಬತ್ತು ವರ್ಷಗಳಲ್ಲಿ ರಕ್ತ ಕೊಟ್ಟವರ ಹೆಸರು, ಗುಂಪು, ಫೋನ್ ನಂಬರು ಎಲ್ಲವೂ ಮೆಟ್ಟಿಲ ಕೆಳಗಿನ ಕೋಣೆಯ ಹಳೆಯ ಸರ್ವರಿನಲ್ಲಿದ್ದವು. ಪಾಪ, ಅದು ಏದುಸಿರು ಬಿಡುತ್ತಿತ್ತು. ಕೊನೆಗೂ ಹೊಸ ಯಂತ್ರ ಬಂತು. ಆದರೆ ಅದರ ಆಪರೇಟಿಂಗ್ ಸಿಸ್ಟಮ್ಮೇ ಬೇರೆ. ಫೈಲುಗಳನ್ನು ಎತ್ತಿ ಆ ಕಡೆ ಹಾಕಿದರೆ ಮುಗಿಯಿತು, ಒಂದು ಗಂಟೆಯ ಕೆಲಸ ಎಂದರು ಮೇಲ್ವಿಚಾರಕರು. ಅವಳು ಮಾತ್ರ, ಮೊದಲೊಂದು ತಾಲೀಮು ಆಗಲಿ ಎಂದು ಫೈಲುಗಳ ನಕಲೊಂದನ್ನು ಹೊಸ ಯಂತ್ರಕ್ಕೆ ಹಾಕಿದಳು.

ಅದು ಕಮಕ್ ಕಿಮಕ್ ಅನ್ನದೆ ಎದ್ದು ಕೂತಿತು. ಎಷ್ಟು ಹೆಸರು ಬರಬೇಕಿತ್ತೋ ಅಷ್ಟೂ ಬಂದಿದ್ದವು. ಆದರೂ ಸುಮ್ಮನಿರಲಾರದೆ ಅಪರೂಪದ ರಕ್ತದ ಗುಂಪಿನ ಬೇಕರಿಯವನೊಬ್ಬನ ಹೆಸರು ಹಾಕಿ ಹುಡುಕಿದಳು. ಇಂಥವರು ಯಾರೂ ಇಲ್ಲ ಎಂದಿತು ಪರದೆ. ಇಡೀ ಪಟ್ಟಿ ತೆರೆದು ನೋಡಿದರೆ ಅವನು ಅಲ್ಲೇ ಇದ್ದಾನೆ! ಇನ್ನೊಮ್ಮೆ ಹುಡುಕಿದಳು; ಮತ್ತೆ ಅದೇ ಉತ್ತರ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಅಪ್ಪನಿಗೆ ಇದನ್ನೆಲ್ಲ ಹೇಳಿದಳು. ಅವರು ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕದ ಕಾರ್ಡು ಜೋಡಿಸಿದವರು.

"ಅವನ ಹೆಸರಲ್ಲಿ ಚುಕ್ಕಿ, ಗೆರೆ ಏನಾದ್ರೂ ಇದೆಯಾ?" ಎಂದು ಕೇಳಿದರು.

ಇದೆ ಎಂದಳು: ಎರಡು ಹೆಸರು, ನಡುವೆ ಅಡ್ಡಗೆರೆ.

"ಹಾಗಾದ್ರೆ ಕಾರ್ಡು ಎಲ್ಲೂ ಹೋಗಿಲ್ಲ ಮಗಳೇ. ಜೋಡಿಸಿದವನದು ಒಂದು ಕ್ರಮ, ಹುಡುಕೋನದು ಇನ್ನೊಂದು. ಅವನು ಬೇರೆ ಡ್ರಾಯರ್ ತೆಗೆದು ನೋಡ್ತಿದಾನೆ, ಅಷ್ಟೆ."

ಬಟಾಣಿಯ ತಟ್ಟೆ ಅಲ್ಲೇ ಬಿಟ್ಟು ಎದ್ದು ಕೇಂದ್ರಕ್ಕೆ ಹೋದಳು. ಅಪ್ಪ ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ಹೆಸರು ಜೋಡಿಸುವಾಗ ಎರಡು ಸಿಸ್ಟಮ್ಮುಗಳು ಅಡ್ಡಗೆರೆಯನ್ನು ಅಕ್ಷರಗಳ ಸಾಲಿನಲ್ಲಿ ಬೇರೆ ಬೇರೆ ಕಡೆ ಇಡುತ್ತಿದ್ದವು. ಎತ್ತಿಹಾಕಿದ ಪಟ್ಟಿ ಹಳೆಯ ಕ್ರಮದ್ದು, ಹುಡುಕಾಟ ಹೊಸ ಕ್ರಮದ್ದು. ಫೈಲು ಎತ್ತಿಹಾಕುವ ಮಾತನ್ನೇ ಬಿಟ್ಟಳು. ಹಳೆಯ ಸರ್ವರು ಒಂದೊಂದೇ ದಾಖಲೆ ಓದಿ ಹೇಳಬೇಕು, ಹೊಸದು ಅದನ್ನು ತನ್ನ ಕ್ರಮದಲ್ಲೇ ಹೊಸದಾಗಿ ಬರೆದುಕೊಳ್ಳಬೇಕು. ಹಾಗೆ ಎರಡು ವಾರ ಎರಡನ್ನೂ ಜೊತೆಯಲ್ಲಿ ಓಡಿಸಿ, ಅಡ್ಡಗೆರೆ ಇದ್ದ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಹುಡುಕಿ ನೋಡಿದಳು. ಬೇಕರಿಯವನೂ ಸಿಕ್ಕ.

ಶನಿವಾರ ಊಟದ ಬಿಡುವಿನಲ್ಲಿ ಕೌಂಟರಿನ ಕಂಪ್ಯೂಟರನ್ನು ಹೊಸ ಯಂತ್ರಕ್ಕೆ ತಿರುಗಿಸಿದಳು. ಏನಾದರೂ ಎಡವಟ್ಟಾದರೆ ಇರಲಿ ಎಂದು ಹಳೆಯದರ ನಕಲೊಂದನ್ನು ಕಾಪಾಡಿ ಇಟ್ಟಿದ್ದಳು. ಮೂರು ಗಂಟೆಗೆ ಮೇಲೆ ಹೋದಾಗ ಕೌಂಟರಿನ ನರ್ಸಮ್ಮ ಪರದೆಯಲ್ಲಿ ಯಾರೋ ದಾನಿಯನ್ನು ಹುಡುಕಿ ಫೋನು ಮಾಡುತ್ತಿದ್ದರು.

"ಶುರು ಮಾಡೋ ಮೊದಲು ಒಂದು ಮಾತು ಹೇಳಮ್ಮ, ಕೆಲಸ ನಿಲ್ಲಿಸ್ತೀನಿ" ಎಂದರು ಅವಳನ್ನು ಕಂಡು.

"ಮುಗಿದು ಒಂದು ಗಂಟೆ ಆಯ್ತು."

ನರ್ಸಮ್ಮ ಪರದೆಯನ್ನೂ ಅವಳನ್ನೂ ಮಿಕಿಮಿಕಿ ನೋಡಿ ನಕ್ಕುಬಿಟ್ಟರು. ಅವಳಿಗೆ ಬೇರೆ ಬಿರುದು ಬೇಕಿರಲಿಲ್ಲ.

ಸೋಮವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸರ್ವರು ನೋಡಲೆಂದೇ ಬಂದರು. ಗುರುತಿದ್ದ ಹೆಸರುಗಳನ್ನೆಲ್ಲ ಹುಡುಕಿಸಿ, ಒಂದೂ ತಪ್ಪದೆ ಬಂದಾಗ ಮಗಳ ಬೆನ್ನು ತಟ್ಟಿದರು. ವಾಪಸು ಹೋಗುವಾಗ ಬಸ್ಸಿನಲ್ಲಿ ಪಕ್ಕದ ಅಪರಿಚಿತರಿಗೆ ಮಗಳ ಕೆಲಸವನ್ನು ತಾವು ಇಳಿಯುವ ನಿಲ್ದಾಣ ದಾಟಿದರೂ ವಿವರಿಸುತ್ತಲೇ ಇದ್ದರು.